ಗಡಿಯಾರ ಬಿಟ್ಟ ಪರದೆ: ಗೇಮಿಂಗ್ ಮಾನಿಟರ್ ಯಾಕೆ ಮಿನುಗುತ್ತೆ?

ಇವತ್ತಿನ ಸಂಚಿಕೆ ಶುರುವಾಗೋದು ಒಂದು ಫೋನ್ ಕರೆಯಿಂದ. ರಾತ್ರಿ ಹನ್ನೊಂದೂವರೆ. ಹಾಸನದಿಂದ ನನ್ನ ಚಿಕ್ಕಪ್ಪನ ಮಗ. ಕೆಲಸಕ್ಕೆ ಸೇರಿ ಆರು ತಿಂಗಳ ಸಂಬಳದಲ್ಲಿ ಉಳಿಸಿ ಒಂದು ಗೇಮಿಂಗ್ ಮಾನಿಟರ್ ತಗೊಂಡಿದ್ದ. 27 ಇಂಚು, ಬಾಗಿದ ಪರದೆ, 165 ಹರ್ಟ್ಸ್. ಯಾವುದು ತಗೊಳ್ಳಲಿ ಅಂತ ಅವನು ಕೇಳಿದಾಗ "ಕಣ್ಣು ಮುಚ್ಕೊಂಡು ಇದನ್ನೇ ತಗೋ" ಅಂದವನು ನಾನೇ.

"ಅಣ್ಣಾ, ಸ್ಕ್ರೀನ್ ಮಿಣಮಿಣ ಅಂತಿದೆ. ಕತ್ತಲೆ ಸೀನ್ ಬಂದ್ರೆ ಸಾಕು. ಸ್ಟಾರ್ಟರ್ ಹೋದ ಟ್ಯೂಬ್‌ಲೈಟ್ ಇರುತ್ತಲ್ಲ, ಹಾಗೆ. ಆಟ ಬಿಟ್ಟು ಯೂಟ್ಯೂಬ್ ಹಾಕಿದ್ರೆ ಏನೂ ಇಲ್ಲ."

ಅವನು ಅಷ್ಟರಲ್ಲಾಗಲೇ ಸರ್ವಿಸ್‌ನವರನ್ನು ಕರೆಸಿದ್ದ. ಬಂದವರು ತಮ್ಮ ಲ್ಯಾಪ್‌ಟಾಪ್ ಜೋಡಿಸಿ, ಪರದೆ ಪೂರ್ತಿ ಕೆಂಪು, ಹಸಿರು, ನೀಲಿ, ಬಿಳಿ ಮಾಡಿ ನೋಡಿ, "ಪ್ಯಾನೆಲ್ ಚೆನ್ನಾಗಿದೆ ಸರ್, ನಿಮ್ಮ ಗ್ರಾಫಿಕ್ಸ್ ಕಾರ್ಡ್ ತೋರಿಸಿ" ಅಂತ ಹೇಳಿ ಹೋದರು. ಕಾರ್ಡ್ ಕೊಟ್ಟ ಅಂಗಡಿಯವರನ್ನು ಕೇಳಿದರೆ "ಅದು ಮಾನಿಟರ್ ಪ್ರಾಬ್ಲಂ" ಅಂದರು. ಮಾನಿಟರ್ ವಾಪಸ್ ಕೊಡೋಕೆ ಇದ್ದ ಗಡುವು 7 ದಿನ. 5 ಮುಗಿದಿತ್ತು.

"ವಾಪಸ್ ಮಾಡ್ಲಾ? ಇಟ್ಕೊಳ್ಳಾ? ನೀನು ಹೇಳ್ದೆ ಅಂತ ತಗೊಂಡಿದ್ದು." ಕೊನೇ ಮಾತು ಸರಿಯಾಗಿ ತಾಗಿತು ನನಗೆ.

ಆ ಎರಡು ದಿನ ನಾನು ಓದಿದ್ದನ್ನೇ ಇವತ್ತು ನಿಮಗೆ ಹೇಳ್ತೀನಿ. ಉತ್ತರ ಹುಡುಕೋಕೆ ಹೋದವನು ಇತಿಹಾಸಕ್ಕೆ ಬಿದ್ದೆ. ಯಾಕಂದ್ರೆ ಆ ಇಬ್ಬರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಪ್ಯಾನೆಲ್ಲೂ ಸರಿ ಇತ್ತು, ಕಾರ್ಡೂ ಸರಿ ಇತ್ತು.

ಹಳೇ ಟಿವಿಯಿಂದ ಶುರು ಮಾಡೋಣ. ಬೆನ್ನು ಉಬ್ಬಿದ ದೊಡ್ಡ ಡಬ್ಬ ಟಿವಿ. ಅದರೊಳಗೆ ಒಂದು ಎಲೆಕ್ಟ್ರಾನ್ ಕಿರಣ ಪರದೆಯ ಮೇಲೆ ಗೆರೆಗೆರೆಯಾಗಿ ಓಡುತ್ತೆ. ಕಿರಣ ತಾಗಿದ ಜಾಗ ಬೆಳಗುತ್ತೆ, ಕಿರಣ ಮುಂದೆ ಹೋದ ಕೂಡಲೇ ಮಂಕಾಗುತ್ತೆ. ಹಾಗಾಗಿ ಮತ್ತೆ ಮತ್ತೆ ಬರಲೇಬೇಕು. ಸೆಕೆಂಡಿಗೆ ಎಷ್ಟು ಸಲ? ಅದನ್ನ ತೀರ್ಮಾನ ಮಾಡಿದ್ದು ಗೋಡೆಯಲ್ಲಿರೋ ಪ್ಲಗ್. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್, ಬ್ರಿಟನ್‌ನಲ್ಲಿ, ನಮ್ಮಲ್ಲಿ 50 ಹರ್ಟ್ಸ್. ಕರೆಂಟಿನ ಗುಂಯ್ ಅನ್ನೋ ತೊಂದರೆ ಚಿತ್ರದೊಳಗೆ ಪಟ್ಟಿಯಾಗಿ ಕಾಣಿಸ್ತಿತ್ತು. ಟಿವಿಯ ವೇಗ ಬೇರೆ, ಕರೆಂಟಿನ ವೇಗ ಬೇರೆ ಆದ್ರೆ ಆ ಪಟ್ಟಿ ಮೇಲಿಂದ ಕೆಳಗೆ ತೇಲ್ತಾ ಕಣ್ಣಿಗೆ ಚುಚ್ಚುತ್ತೆ. ಎರಡೂ ಒಂದೇ ಆದ್ರೆ ಪಟ್ಟಿ ನಿಂತಲ್ಲೇ ನಿಲ್ಲುತ್ತೆ, ಅಷ್ಟಾಗಿ ಗೊತ್ತಾಗಲ್ಲ. ಅದಕ್ಕೇ 1936ರಲ್ಲಿ ಬ್ರಿಟನ್ 50 ಆರಿಸಿಕೊಂಡಿತು, 1941ರಲ್ಲಿ ಅಮೆರಿಕ 60. 1959ರಲ್ಲಿ ದೆಹಲಿಯಲ್ಲಿ ಶುರುವಾದ ನಮ್ಮ ದೂರದರ್ಶನದ್ದೂ 50ರ ಲೆಕ್ಕವೇ. 1953ರಲ್ಲಿ ಬಣ್ಣದ ಟಿವಿ ಬಂದಾಗ ಅಮೆರಿಕದವರು ತಮ್ಮ 60ನ್ನು ಸಾವಿರದಲ್ಲೊಂದು ಪಾಲು ಕಡಿಮೆ ಮಾಡಿ 59.94 ಮಾಡಿಕೊಂಡರು. ನಿಮ್ಮ ಕಂಪ್ಯೂಟರಿನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಇವತ್ತಿಗೂ ಒಂದೊಂದು ಸಲ 59.94 ಅನ್ನೋ ವಿಚಿತ್ರ ಸಂಖ್ಯೆ ಕಾಣಿಸುತ್ತಲ್ಲ, ಅದು ಆ ಕಾಲದ ಪಳೆಯುಳಿಕೆ.

ಸಿನಿಮಾದವರಿಗೆ ಇದೇ ಕಾಟ ಇನ್ನೂ ಮೊದಲೇ ಇತ್ತು. ಟಾಕಿ ಕಾಲದಿಂದ ಸೆಕೆಂಡಿಗೆ 24 ಚಿತ್ರ. ಅಷ್ಟೇ ತೋರಿಸಿದ್ರೆ ಪರದೆ ಪಟಪಟ ಅನ್ನುತ್ತೆ. ಅದಕ್ಕೆ ಪ್ರೊಜೆಕ್ಟರಿನ ಮುಂದೆ ರೆಕ್ಕೆಯ ಥರದ ಶಟರ್ ತಿರುಗಿಸಿ ಒಂದೇ ಚಿತ್ರವನ್ನು ಎರಡು ಅಥವಾ ಮೂರು ಸಲ ಮಿಂಚಿಸ್ತಿದ್ದರು. 24 ಚಿತ್ರ, 48 ಅಥವಾ 72 ಮಿಂಚು. ಈ ಉಪಾಯವನ್ನು ನೆನಪಲ್ಲಿಟ್ಟುಕೊಳ್ಳಿ, ಮುಂದೆ ಇದೇ ಬೇರೆ ಹೆಸರಲ್ಲಿ ವಾಪಸ್ ಬರುತ್ತೆ.

ಆಮೇಲೆ ಎಲ್‌ಸಿಡಿ ಬಂತು. ಎಲ್‌ಸಿಡಿಯ ಚುಕ್ಕಿ ಬೆಳಗಿ ಆರೋದಿಲ್ಲ. ಒಂದು ಸಲ ಬಣ್ಣ ಹೇಳಿದ್ರೆ ಮುಂದಿನ ಆಜ್ಞೆ ಬರೋವರೆಗೆ ಹಿಡಿದುಕೊಂಡಿರುತ್ತೆ, ಹಿಂದಿನಿಂದ ಬೆಳಕು ಬೀಳ್ತಾನೇ ಇರುತ್ತೆ. ಸೆಕೆಂಡಿಗೆ 60 ಸಲ ಅನ್ನೋ ಕರೆಂಟಿನ ಲೆಕ್ಕ ಅದಕ್ಕೆ ಬೇಕಾಗೇ ಇರಲಿಲ್ಲ. ಆದ್ರೂ 60 ಹಾಗೇ ಉಳಿಯಿತು. ಕಾರ್ಡು, ಕೇಬಲ್ಲು, ಆಪರೇಟಿಂಗ್ ಸಿಸ್ಟಂ ಎಲ್ಲವೂ ಆ ತಾಳಕ್ಕೆ ಹೊಂದಿಕೊಂಡಾಗಿತ್ತು.

ಆಟಗಳಿಗೆ ಈ ತಾಳ ಶಾಪವಾಯಿತು. ಸಿನಿಮಾದ ಫ್ರೇಮು ಮೊದಲೇ ತಯಾರಾಗಿರುತ್ತೆ. ಆಟದ ಫ್ರೇಮು ಆಗಿಂದಾಗಲೇ ತಯಾರಾಗಬೇಕು. ಖಾಲಿ ಗೋಡೆ ನೋಡ್ತಿದ್ರೆ 8 ಮಿಲಿಸೆಕೆಂಡ್ ಸಾಕು, ಪಕ್ಕದಲ್ಲಿ ಬಾಂಬ್ ಸಿಡಿದ್ರೆ 22 ಬೇಕು. ಪರದೆ ಮಾತ್ರ 16.7 ಮಿಲಿಸೆಕೆಂಡಿಗೊಮ್ಮೆ ಬಂದು ಕೈ ಚಾಚುತ್ತೆ. ಪರದೆ ಅರ್ಧ ಬರೆದಿರುವಾಗ ಹೊಸ ಫ್ರೇಮ್ ಬಂದ್ರೆ ಮೇಲರ್ಧ ಹಳೇದು, ಕೆಳಗರ್ಧ ಹೊಸದು. ಚಿತ್ರ ನಡುವೆ ಹರಿದ ಹಾಗೆ ಕಾಣುತ್ತೆ. ಇದಕ್ಕೆ ಟೇರಿಂಗ್ ಅಂತಾರೆ.

ಹರಿಯಬಾರದು ಅಂದ್ರೆ ವಿ-ಸಿಂಕ್ ಹಾಕಬೇಕು. ವಿ-ಸಿಂಕ್ ಅಂದ್ರೆ ಟೈಮಿಗೆ ಸರಿಯಾಗಿ ಹೊರಡೋ ಬಸ್ಸು. 16.7ಕ್ಕೆ ಒಂದು ಬಸ್ಸು. ನಿಮ್ಮ ಫ್ರೇಮು 17ಕ್ಕೆ ನಿಲ್ದಾಣಕ್ಕೆ ಬಂತಾ? ಬಸ್ ಹೋಯ್ತು. ಮುಂದಿನದು 33.3ಕ್ಕೆ. ಅಲ್ಲಿವರೆಗೆ ಹಳೇ ಚಿತ್ರವೇ ನಿಂತಿರುತ್ತೆ. ಕಾಲು ಮಿಲಿಸೆಕೆಂಡ್ ತಡವಾದರೂ ದಂಡ ಪೂರ್ತಿ ಒಂದು ಬಸ್ಸಿಂದು. ಕಣ್ಣಿಗೆ ಅದು ಜರ್ಕ್, ಕೈಗೆ ಅದು ಮೌಸ್ ಭಾರ. ಇದೇ ಸ್ಟಟರ್.

ತಮಾಷೆ ಅಂದ್ರೆ ಈ ಸ್ಟಟರನ್ನು ಅಳೆಯೋಕೆ ಬಹಳ ಕಾಲ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ವಿಮರ್ಶೆ ಅಂದ್ರೆ ಎಫ್‌ಪಿಎಸ್ ಸರಾಸರಿ, ಅಷ್ಟೇ. 2011ರ ಸೆಪ್ಟೆಂಬರ್‌ನಲ್ಲಿ ದಿ ಟೆಕ್ ರಿಪೋರ್ಟ್ ಅನ್ನೋ ತಾಣದಲ್ಲಿ ಸ್ಕಾಟ್ ವಾಸನ್ ಒಂದು ಲೇಖನ ಬರೆದರು. ವಾದ ಸರಳ: ಒಂದು ಸೆಕೆಂಡಿನ ಸರಾಸರಿ ತೆಗೆದ್ರೆ ಆ ಸೆಕೆಂಡಿನೊಳಗೆ ಆದ ಅನಾಹುತ ಕಾಣೋದೇ ಇಲ್ಲ. ಮೊದಲ ಅರ್ಧ ಸೆಕೆಂಡಿನಲ್ಲಿ 59 ಫ್ರೇಮ್ ಬಂದು, ಉಳಿದ ಅರ್ಧ ಸೆಕೆಂಡ್ ಒಂದೇ ಫ್ರೇಮ್ ನಿಂತಿದ್ರೂ ಲೆಕ್ಕದಲ್ಲಿ 60 ಎಫ್‌ಪಿಎಸ್ಸೇ. ಹಾಗಾಗಿ ಒಂದೊಂದು ಫ್ರೇಮಿಗೆ ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಅಂತ ಅಳೆಯಿರಿ ಅಂದರು. ಆ ಫ್ರೇಮ್‌ಟೈಮ್ ಗ್ರಾಫು ಬಂದ ಮೇಲೆ ಎರಡು ಕಾರ್ಡ್ ಜೋಡಿಸಿದ ಎಷ್ಟೋ ದುಬಾರಿ ಸೆಟಪ್‌ಗಳ ಬಣ್ಣ ಬಯಲಾಯಿತು. 2013ರ ಆಗಸ್ಟ್‌ನಲ್ಲಿ ಎಎಮ್‌ಡಿ ಫ್ರೇಮುಗಳ ನಡುವಿನ ಅಂತರ ಸರಿಪಡಿಸೋ ಡ್ರೈವರನ್ನೇ ಬಿಡಬೇಕಾಯಿತು. ವಾಸನ್ ಆಮೇಲೆ ಎಎಮ್‌ಡಿಗೇ ಕೆಲಸಕ್ಕೆ ಸೇರಿದರು ಅನ್ನೋದು ಬೇರೆ ಕಥೆ.

ಅದೇ 2013, ಅಕ್ಟೋಬರ್ 18, ಕೆನಡಾದ ಮಾಂಟ್ರಿಯಲ್. ಎನ್‌ವಿಡಿಯಾದ ಜೆನ್ಸೆನ್ ಹುವಾಂಗ್ ವೇದಿಕೆ ಮೇಲೆ ಜಿ-ಸಿಂಕ್ ತೋರಿಸಿದರು. ಡೂಮ್ ಖ್ಯಾತಿಯ ಜಾನ್ ಕಾರ್ಮ್ಯಾಕ್, ಅನ್ರಿಯಲ್ ಎಂಜಿನ್‌ನ ಟಿಮ್ ಸ್ವೀನಿ, ಬ್ಯಾಟಲ್‌ಫೀಲ್ಡ್ ಮಾಡೋ ಡೈಸ್‌ನ ಯೋಹಾನ್ ಆಂಡರ್ಸನ್, ಮೂವರೂ ಅಲ್ಲಿದ್ದರು. ವಿಚಾರ ಇಷ್ಟೇ: ಪರದೆಗಾಗಿ ಕಾರ್ಡ್ ಕಾಯೋದು ಸಾಕು, ಇನ್ನು ಕಾರ್ಡಿಗಾಗಿ ಪರದೆ ಕಾಯಲಿ. ಟೈಮಿನ ಬಸ್ಸನ್ನು ತೆಗೆದು ಶೇರ್ ಆಟೋ ಬಿಟ್ಟ ಹಾಗೆ. ಜನ ಹತ್ತಿದ ಕೂಡಲೇ ಹೊರಡುತ್ತೆ. ಫ್ರೇಮು 17ಕ್ಕೆ ಬಂದ್ರೆ 17ಕ್ಕೆ ಪರದೆ ಬದಲಾಗುತ್ತೆ, 22ಕ್ಕೆ ಬಂದ್ರೆ 22ಕ್ಕೆ. ವೇರಿಯಬಲ್ ರಿಫ್ರೆಶ್ ರೇಟ್, ಚಿಕ್ಕದಾಗಿ ವಿಆರ್‌ಆರ್, ಅನ್ನೋದು ಇದೇ.

ಇದನ್ನು ಮಾಡೋಕೆ ಎನ್‌ವಿಡಿಯಾ ಮಾನಿಟರಿನ ಒಳಗೆ ತನ್ನದೇ ಒಂದು ಬೋರ್ಡ್ ಕೂರಿಸಿತು. ಮೊದಲ ಬೋರ್ಡಿನಲ್ಲಿ ಆಲ್ಟೆರಾ ಕಂಪನಿಯ ಆರಿಯಾ ಅನ್ನೋ ಎಫ್‌ಪಿಜಿಎ ಚಿಪ್, ಜೊತೆಗೆ 768 ಎಂಬಿ ಮೆಮೊರಿ. ಅಸೂಸ್‌ನ ಒಂದು 24 ಇಂಚಿನ ಮಾನಿಟರ್ ಬಿಚ್ಚಿ ನೀವೇ ಹಾಕಿಕೊಳ್ಳೋ ಕಿಟ್ ಕೂಡ ಇತ್ತು, ಬೆಲೆ 199 ಡಾಲರ್. ಮಾನಿಟರ್ ಬಿಚ್ಚೋ ಧೈರ್ಯಕ್ಕೆ ಬೇರೆ ಬೆಲೆ.

ಮೂರು ತಿಂಗಳೂ ಆಗಿರಲಿಲ್ಲ, 2014ರ ಜನವರಿಯಲ್ಲಿ ಲಾಸ್ ವೇಗಸ್‌ನ ಸಿಇಎಸ್ ಮೇಳದಲ್ಲಿ ಎಎಮ್‌ಡಿ ಎರಡು ಸಾಮಾನ್ಯ ತೋಷಿಬಾ ಲ್ಯಾಪ್‌ಟಾಪ್ ಇಟ್ಟು ಅದರಲ್ಲಿ ತಿರುಗೋ ಗಾಳಿಯಂತ್ರದ ಚಿತ್ರ ತೋರಿಸಿತು. ಬೋರ್ಡೂ ಇಲ್ಲ, ಕಿಟ್ಟೂ ಇಲ್ಲ. ಹೇಗೆ ಸಾಧ್ಯ? ಲ್ಯಾಪ್‌ಟಾಪಿನ ಪರದೆ ಜೋಡಿಸೋ ಎಂಬೆಡೆಡ್ ಡಿಸ್‌ಪ್ಲೇಪೋರ್ಟ್ ನಿಯಮಾವಳಿಯಲ್ಲಿ ಈ ಸೌಲಭ್ಯ 2009ರಿಂದಲೇ ಇತ್ತು. ಆಟಕ್ಕಾಗಿ ಅಲ್ಲ, ಬ್ಯಾಟರಿ ಉಳಿಸೋಕೆ! ಪರದೆ ಮೇಲೆ ಏನೂ ಅಲುಗಾಡದೆ ಇದ್ದಾಗ ನಿಧಾನ ಮಾಡು ಅಂತ. ನಿಮ್ಮ ಕೈಯಲ್ಲಿರೋ ಫೋನು ಇವತ್ತು ಮಾಡೋದೂ ಇದನ್ನೇ. 2021ರ ಐಫೋನ್ 13 ಪ್ರೊ 120ರಿಂದ 10 ಹರ್ಟ್ಸ್‌ವರೆಗೆ ಇಳಿಯೋದು ಅದೇ ಕಾರಣಕ್ಕೆ.

2014ರ ಮೇ ತಿಂಗಳಲ್ಲಿ ಡಿಸ್‌ಪ್ಲೇ ಕಂಪನಿಗಳ ಒಕ್ಕೂಟ ವೆಸಾ ಇದನ್ನು ಅಡಾಪ್ಟಿವ್-ಸಿಂಕ್ ಅನ್ನೋ ಹೆಸರಲ್ಲಿ ಡಿಸ್‌ಪ್ಲೇಪೋರ್ಟ್ 1.2ಎ ಜೊತೆ ಸೇರಿಸಿತು. 2015ರ ಮಾರ್ಚ್ ಹೊತ್ತಿಗೆ ಫ್ರೀಸಿಂಕ್ ಮಾನಿಟರ್‌ಗಳು ಬಂದವು, ಬೆಲೆ ಇಳೀತು. ಎಲ್ಲರ ಮನೆಗೂ ವಿಆರ್‌ಆರ್ ಬರೋ ದಾರಿ ಆಯ್ತು. ಸ್ಟಟರ್, ಟೇರಿಂಗ್ ಎರಡರ ಕಥೆಯೂ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು.

ಇಲ್ಲಿಂದ ನಮ್ಮ ಮಿನುಗಿನ ಕಥೆ.

ಶೇರ್ ಆಟೋ ಎಷ್ಟು ಹೊತ್ತು ಅಂತ ಕಾಯಬಹುದು? ಎಲ್‌ಸಿಡಿ ಚುಕ್ಕಿ ಬಣ್ಣ ಹಿಡಿದುಕೊಂಡಿರುತ್ತೆ ಅಂದೆನಲ್ಲ, ಅದು ಪೂರ್ತಿ ನಿಜ ಅಲ್ಲ. ಒಂದೊಂದು ಚುಕ್ಕಿಯೂ ಸಣ್ಣ ತೂತಿರೋ ಕೊಡದ ಹಾಗೆ. ನೀರಿನ ಬದಲು ವಿದ್ಯುತ್ ಒತ್ತಡ. ಪ್ರತಿ ರಿಫ್ರೆಶ್‌ನಲ್ಲಿ ತುಂಬ್ತೀವಿ, ನಡುವೆ ಚೂರು ಚೂರೇ ಸೋರುತ್ತೆ. ನಿಗದಿತ ಸಮಯಕ್ಕೆ ತುಂಬ್ತಾ ಇದ್ರೆ ಸರಾಸರಿ ಮಟ್ಟ ಒಂದೇ ಇರುತ್ತೆ, ಕಾರ್ಖಾನೆಯಲ್ಲಿ ಬಣ್ಣ, ಹೊಳಪು ಹೊಂದಿಸಿರೋದು ಆ ಮಟ್ಟಕ್ಕೆ. ತುಂಬೋ ಹೊತ್ತು ಬದಲಾದ್ರೆ ಸರಾಸರಿ ಮಟ್ಟವೂ ಬದಲಾಗುತ್ತೆ. ಅಂದ್ರೆ ಚಿತ್ರ ಬದಲಾಗದೇ ಇದ್ರೂ ಹೊಳಪು ಬದಲಾಗುತ್ತೆ. ನಿಧಾನಕ್ಕೆ ಬದಲಾದ್ರೆ ಕಣ್ಣು ಕ್ಷಮಿಸುತ್ತೆ. ಸೆಕೆಂಡಿಗೆ ನಾಲ್ಕೈದು ಸಲ ಏರಿಳಿದ್ರೆ? ಅದೇ ಮಿನುಗು. ಕತ್ತಲ ದೃಶ್ಯದಲ್ಲಿ ಇದು ಹೆಚ್ಚು ಕಾಣುತ್ತೆ, ಅಲ್ಲಿ ಸಣ್ಣ ವ್ಯತ್ಯಾಸವೂ ದೊಡ್ಡದೇ. ವಿಎ ಅನ್ನೋ ಬಗೆಯ ಪ್ಯಾನೆಲ್‌ಗಳಲ್ಲಿ ದೂರು ಜಾಸ್ತಿ. ತಮ್ಮನ ಬಾಗಿದ ಪರದೆಯೂ ವಿಎ.

ನೋಡಿ, ಹಳೇ ಗಡಿಯಾರ ಬರೀ ಜೈಲರ್ ಆಗಿರಲಿಲ್ಲ. ಪ್ಯಾನೆಲ್ಲಿನ ಹೊಳಪನ್ನು ಸ್ಥಿರವಾಗಿ ಇಟ್ಟಿದ್ದೂ ಅದೇ. ಅದನ್ನು ತೆಗೆದಾಗ ಸ್ಟಟರ್ ಹೋಯ್ತು, ಅದು ಇಷ್ಟು ದಿನ ಮುಚ್ಚಿಟ್ಟಿದ್ದ ಸೋರಿಕೆ ಹೊರಗೆ ಬಂತು.

ಸೋರೋ ಕೊಡಕ್ಕೆ ಒಂದು ಕನಿಷ್ಠ ವೇಗ ಬೇಕೇ ಬೇಕು. ಅದಕ್ಕೇ ಪ್ರತಿ ಮಾನಿಟರ್‌ಗೂ ಒಂದು ವಿಆರ್‌ಆರ್ ವ್ಯಾಪ್ತಿ ಇರುತ್ತೆ. ಮೊದಲ ವರ್ಷದ ಎಲ್‌ಜಿಯ 34 ಇಂಚಿನ ಒಂದು ಫ್ರೀಸಿಂಕ್ ಮಾನಿಟರ್‌ನಲ್ಲಿ ಅದು 48ರಿಂದ 75 ಹರ್ಟ್ಸ್ ಅಷ್ಟೇ. ಆಟ 47ಕ್ಕೆ ಇಳಿದ್ರೆ ವಿಆರ್‌ಆರ್ ಕೈಬಿಟ್ಟು ಮತ್ತೆ ಹಳೇ ಟೇರಿಂಗು, ಸ್ಟಟರು. ಎನ್‌ವಿಡಿಯಾದ ಬೋರ್ಡಿನಲ್ಲಿ ಇದಕ್ಕೆ ಉಪಾಯ ಇತ್ತು. ಹೊಸ ಫ್ರೇಮ್ ತಡವಾದ್ರೆ ಹಳೇದನ್ನೇ ಇನ್ನೊಂದು ಸಲ ಬರೆಯೋದು. 2015ರ ನವೆಂಬರ್‌ನಲ್ಲಿ ಎಎಮ್‌ಡಿ ಇದನ್ನೇ ಡ್ರೈವರ್‌ನಲ್ಲಿ ತಂದು ಲೋ ಫ್ರೇಮ್‌ರೇಟ್ ಕಾಂಪೆನ್ಸೇಷನ್, ಎಲ್‌ಎಫ್‌ಸಿ, ಅಂತ ಹೆಸರಿಟ್ಟಿತು. ಗರಿಷ್ಠ ಹರ್ಟ್ಸ್ ಕನಿಷ್ಠದ 2.5 ಪಟ್ಟಾದರೂ ಇರಬೇಕು ಅಂತ ಷರತ್ತು. ಗೊತ್ತಾಯ್ತಲ್ಲ? ಸಿನಿಮಾ ಪ್ರೊಜೆಕ್ಟರಿನ ಶಟರು. ಒಂದೇ ಚಿತ್ರ, ಎರಡು ಸಲ. ಮಿನುಗು ತಡೆಯೋಕೆ ಅಂತ ಆಗ ಹುಟ್ಟಿದ ಉಪಾಯ ಈಗ ಮಿನುಗು ಹುಟ್ಟಿಸೋಕೆ ಶುರು ಮಾಡಿತು.

ಲೆಕ್ಕ ನೋಡಿ. ಕನಿಷ್ಠ 48 ಇರೋ ಮಾನಿಟರ್. ಆಟ 48 ಎಫ್‌ಪಿಎಸ್ ಕೊಡ್ತಿದೆ, ಪರದೆ 48 ಹರ್ಟ್ಸ್‌ನಲ್ಲಿದೆ, 20.8 ಮಿಲಿಸೆಕೆಂಡಿಗೊಮ್ಮೆ ಕೊಡ ತುಂಬ್ತಿದೆ. ಆಟ ಒಂದೇ ಒಂದು ಫ್ರೇಮ್ ಇಳಿದು 47 ಆಯ್ತು. ಎಲ್‌ಎಫ್‌ಸಿ ಎದ್ದು ಪ್ರತಿ ಫ್ರೇಮನ್ನು ಎರಡು ಸಲ ಬರೆಯುತ್ತೆ, ಪರದೆ 94 ಹರ್ಟ್ಸ್‌ಗೆ ಹಾರುತ್ತೆ. ಈಗ 10.6 ಮಿಲಿಸೆಕೆಂಡಿಗೊಮ್ಮೆ. ಮತ್ತೆ ಆಟ 49, ಪರದೆ 49. ಆಟ 46, ಪರದೆ 92. ಆಟ ಆ ಗಡಿಯಲ್ಲೇ ಓಲಾಡ್ತಿದ್ರೆ ಪರದೆ ಎರಡು ಮೆಟ್ಟಿಲ ನಡುವೆ ಹಾರ್ತಾನೇ ಇರುತ್ತೆ, ಪ್ರತಿ ಹಾರಾಟಕ್ಕೂ ಹೊಳಪು ಒಂದಿಷ್ಟು ಕದಲುತ್ತೆ.

ಈ ವಿಚಾರ ದೊಡ್ಡ ವೇದಿಕೆಗೆ ಬಂದದ್ದು 2019ರ ಜನವರಿಯಲ್ಲಿ. ಅಲ್ಲಿಯವರೆಗೆ ತನ್ನ ಬೋರ್ಡ್ ಇದ್ದರೆ ಮಾತ್ರ ಅಂತಿದ್ದ ಎನ್‌ವಿಡಿಯಾ, ಬೋರ್ಡಿಲ್ಲದ ಅಡಾಪ್ಟಿವ್-ಸಿಂಕ್ ಮಾನಿಟರ್‌ಗಳಿಗೂ ಬಾಗಿಲು ತೆಗೆಯಿತು. 400 ಮಾನಿಟರ್ ಪರೀಕ್ಷೆ ಮಾಡಿದೆವು, 12 ಪಾಸಾದವು ಅಂದರು. ಉಳಿದವುಗಳಲ್ಲಿ ಕೆಲವು ಮಿನುಗೋದನ್ನು, ಕಪ್ಪಾಗೋದನ್ನು ಮೇಳದಲ್ಲೇ ತೋರಿಸಿದರು. ತನ್ನ ಬೋರ್ಡ್ ಮಾರೋ ಕಂಪನಿ ಮಾಡಿದ ಪರೀಕ್ಷೆ ಅದು, ಹಾಗಾಗಿ ಚಿಟಿಕೆ ಉಪ್ಪು ಬೆರೆಸಿಕೊಂಡೇ ಕೇಳಬೇಕು. ಆದ್ರೆ ಮಿನುಗು ಇದ್ದದ್ದು ಸುಳ್ಳಲ್ಲ.

ಎಲ್‌ಸಿಡಿ ಬಿಟ್ಟು ಒಎಲ್‌ಇಡಿಗೆ ಹೋದ್ರೆ ಮುಗೀತಾ? ಇಲ್ಲ. 2020ರ ಕೊನೆಯಲ್ಲಿ ಎಲ್‌ಜಿ ತನ್ನ ಒಎಲ್‌ಇಡಿ ಟಿವಿಗಳ ಬಗ್ಗೆ ಒಪ್ಪಿಕೊಂಡದ್ದು ಇದನ್ನೇ. ಅವುಗಳ ಗಾಮಾ, ಅಂದ್ರೆ ಕಪ್ಪಿನಿಂದ ಬಿಳಿವರೆಗಿನ ಮೆಟ್ಟಿಲುಗಳ ಹೊಂದಾಣಿಕೆ, 120 ಹರ್ಟ್ಸ್‌ಗೆ ಮಾಡಿದ್ದು. ದರ ಇಳಿದಾಗ ಕತ್ತಲ ಭಾಗ ಬೆಳ್ಳಗಾಗುತ್ತೆ, ಮಿನುಗುತ್ತೆ. ಫೋನಿನಲ್ಲೂ ಇದರ ನೆರಳಿದೆ. 2019ರಲ್ಲಿ ಗೂಗಲ್ ಪಿಕ್ಸೆಲ್ 4 ಬಂದಾಗ, ಬ್ರೈಟ್‌ನೆಸ್ ಶೇ 75ಕ್ಕಿಂತ ಕೆಳಗಿದ್ದರೆ ಅದು 90 ಹರ್ಟ್ಸ್ ಬಿಟ್ಟು 60ಕ್ಕೆ ಇಳಿಯುತ್ತೆ ಅಂತ ಬಳಕೆದಾರರು ಪತ್ತೆ ಮಾಡಿ ಗಲಾಟೆ ಮಾಡಿದ್ದರು. ಮಂದ ಬೆಳಕಿನಲ್ಲಿ ಎರಡು ದರಗಳ ನಡುವೆ ಹಾರಿದ್ರೆ ಬಣ್ಣ ಕದಲೋದು ಕಾಣುತ್ತೆ ಅನ್ನೋ ಭಯ ಒಎಲ್‌ಇಡಿ ಪರದೆ ಮಾಡೋರಿಗೆಲ್ಲ ಇದ್ದೇ ಇದೆ.

ಸರಿ, ಹಾಸನಕ್ಕೆ ವಾಪಸ್ ಬರೋಣ. ಆರನೇ ದಿನ ರಾತ್ರಿ, ವಿಡಿಯೊ ಕಾಲ್.

ಮೊದಲು ವಿಆರ್‌ಆರ್ ಆಫ್ ಮಾಡಿಸಿದೆ. ಮಿನುಗು ತಕ್ಷಣ ನಿಂತಿತು, ಟೇರಿಂಗ್ ಬಂತು. ಇದೊಂದು ಪರೀಕ್ಷೆ ಸಾಕಷ್ಟು ಹೇಳುತ್ತೆ. ಆಫ್ ಮಾಡಿದ ಮೇಲೂ ಮಿನುಗಿದ್ರೆ ಕೇಬಲ್, ಪವರ್ ಅಡಾಪ್ಟರ್, ಅಥವಾ ಪ್ಯಾನೆಲ್ ಮೇಲೇ ಅನುಮಾನ ಪಡಬೇಕು. ಬ್ರೈಟ್‌ನೆಸ್ ಕಡಿಮೆ ಇಟ್ಟಾಗ ಮಾತ್ರ, ಆಟ ಇಲ್ಲದಿದ್ದರೂ ಕಣ್ಣು ಉರೀತಿದ್ರೆ ಅದು ಹಿಂಬೆಳಕಿನ ಬೇರೆಯದೇ ರೋಗ. ಸರ್ವಿಸ್‌ನವರಿಗೆ ಯಾಕೆ ಏನೂ ಕಾಣಲಿಲ್ಲ ಅನ್ನೋದೂ ಇಲ್ಲೇ ಗೊತ್ತಾಯ್ತು. ಲ್ಯಾಪ್‌ಟಾಪಿನಿಂದ ಒಂದೇ ದರದಲ್ಲಿ ಒಂದೇ ಬಣ್ಣ ತೋರಿಸಿದ್ರೆ ಕೊಡ ಸಮಕ್ಕೇ ತುಂಬುತ್ತೆ. ಯೂಟ್ಯೂಬ್ ನೋಡುವಾಗಲೂ ಅಷ್ಟೇ.

ಆಮೇಲೆ ವಿಆರ್‌ಆರ್ ಮತ್ತೆ ಆನ್ ಮಾಡಿ, ಮಾನಿಟರಿನ ಮೆನುವಿನಲ್ಲಿ ರಿಫ್ರೆಶ್ ದರ ತೋರಿಸೋ ಆಯ್ಕೆ ಹಾಕಿಸಿದೆ. ಗವಿಯೊಳಗೆ ನಿಲ್ಲಿಸು ಅಂದೆ. "ಏನು ತೋರಿಸ್ತಿದೆ?"

"50... 96... 49... 94... ಅಣ್ಣಾ, ಇದೇನು ಹುಚ್ಚು ಹಿಡಿದಿದೆಯಾ?"

ಹುಚ್ಚಲ್ಲ, ಎಲ್‌ಎಫ್‌ಸಿ. ಅವನ ಮಾನಿಟರಿನ ವ್ಯಾಪ್ತಿ 48ರಿಂದ 165. ಅವನ ಕಾರ್ಡಿಗೆ ಆ ಆಟದಲ್ಲಿ 45ರಿಂದ 52. ಸರಿಯಾಗಿ ಗಡಿ ಮೇಲೇ ಮನೆ ಕಟ್ಟಿಕೊಂಡಿತ್ತು. ನಾನು 165 ಅನ್ನೋ ಸಂಖ್ಯೆ ನೋಡಿ ಮಾನಿಟರ್ ಹೇಳಿದ್ದೆ, ಅವನ ಕಾರ್ಡ್ ಯಾವುದು ಅಂತ ಕೇಳಿಯೇ ಇರಲಿಲ್ಲ. ತಪ್ಪು ಇದ್ದದ್ದು ಅಲ್ಲಿ.

ಅವನಿಗೆ ಇನ್ನೊಂದು ದೂರೂ ಇತ್ತು. ಹೊಸ ಜಾಗಕ್ಕೆ ಹೋದಾಗ ಆಟ ಗಕ್ಕನೆ ನಿಲ್ಲುತ್ತೆ, ಅದೂ ಮಾನಿಟರ್‌ದೇ ತಪ್ಪು ಅಂತ. ವಾಸನ್ ಹೇಳಿಕೊಟ್ಟ ಫ್ರೇಮ್‌ಟೈಮ್ ಗ್ರಾಫ್ ಹಾಕಿಸಿದೆ. ಹೊಸ ಜಾಗಕ್ಕೆ ಕಾಲಿಟ್ಟಾಗ ಗೆರೆ ಒಮ್ಮೆಲೇ ನೂರು ಮಿಲಿಸೆಕೆಂಡ್ ದಾಟಿ ಮೊಳೆಯ ಹಾಗೆ ಎದ್ದಿತು. ವಾಪಸ್ ಹೋಗಿ ಮತ್ತೆ ಅಲ್ಲಿಗೇ ಬಾ ಅಂದೆ. ಎರಡನೇ ಸಲ ಮೊಳೆ ಇಲ್ಲ. ಇದು ಶೇಡರ್ ಕಂಪೈಲ್ ಆಗೋ ಸ್ಟಟರ್. 2015ರ ಡೈರೆಕ್ಟ್‌ಎಕ್ಸ್ 12, 2016ರ ವಲ್ಕನ್ ಬಂದ ಮೇಲೆ ಕಾರ್ಡಿಗೆ ಬೇಕಾದ ಸಣ್ಣ ಪ್ರೋಗ್ರಾಮುಗಳನ್ನು ಮೊದಲೇ ತಯಾರಿಸಿಟ್ಟುಕೊಳ್ಳೋ ಹೊಣೆ ಹೆಚ್ಚಾಗಿ ಆಟ ಮಾಡಿದವರ ಮೇಲೆ ಬಿತ್ತು. ತಯಾರಿಸಿಟ್ಟಿಲ್ಲ ಅಂದ್ರೆ ಆಟದ ನಡುವೆ ಒಲೆ ಹಚ್ಚಬೇಕು. 2022ರಲ್ಲಿ ಎಲ್ಡನ್ ರಿಂಗ್ ಪಿಸಿಯಲ್ಲಿ ಬಂದಾಗ ಸ್ಟಟರ್ ಬಗ್ಗೆ ಎದ್ದ ಗಲಾಟೆಯಲ್ಲಿ ಈ ಮಾತು ಮನೆಮಾತಾಯಿತು. ವಿಆರ್‌ಆರ್ ಇದಕ್ಕೆ ಏನೂ ಮಾಡಲಾಗದು. ಪರದೆ ಕಾಯೋಕೆ ತಯಾರಿದ್ರೂ ಬರಬೇಕಾದ ಫ್ರೇಮೇ ಹೊರಟಿಲ್ಲ. ಹಾಗಾಗಿ ಹೊಸ ಮಾನಿಟರ್ ತಂದರೂ ಆ ಮೊಳೆ ಹಾಗೇ ಇರುತ್ತೆ. ಆಟದ ಅಪ್‌ಡೇಟಿಗೆ ಕಾಯಬೇಕು, ಮೊದಲ ಸಲ ತೆರೆದಾಗ ಶೇಡರ್ ತಯಾರಿ ಅಂತ ಬಂದ್ರೆ ಸ್ಕಿಪ್ ಮಾಡಬಾರದು, ಅಷ್ಟೇ.

ಇನ್ನೊಂದು ಸ್ಟಟರ್ ಮೇಲಿನ ತುದಿಯಲ್ಲಿರುತ್ತೆ. ಹಗುರ ಆಟಗಳಲ್ಲಿ ಎಫ್‌ಪಿಎಸ್ 165 ದಾಟಿದ್ರೆ ವಿಆರ್‌ಆರ್ ವ್ಯಾಪ್ತಿ ಮುಗಿದು ಹಳೇ ಬಸ್ ನಿಲ್ದಾಣಕ್ಕೇ ವಾಪಸ್. ಬ್ಲರ್ ಬಸ್ಟರ್ಸ್ ತಾಣದವರು 2017ರಲ್ಲಿ ಹೈಸ್ಪೀಡ್ ಕ್ಯಾಮೆರಾ ಇಟ್ಟು ಪರೀಕ್ಷೆ ಮಾಡಿ ಹೇಳಿದ ಸೂತ್ರ ಇವತ್ತಿಗೂ ಚಲಾವಣೆಯಲ್ಲಿದೆ. ವಿಆರ್‌ಆರ್ ಆನ್, ಡ್ರೈವರ್‌ನಲ್ಲಿ ವಿ-ಸಿಂಕ್ ಆನ್, ಎಫ್‌ಪಿಎಸ್‌ಗೆ ಗರಿಷ್ಠಕ್ಕಿಂತ ಕನಿಷ್ಠ 3 ಕಡಿಮೆ ಮಿತಿ. 165ಕ್ಕೆ 162. ವಿ-ಸಿಂಕ್ ಅಂದ ಕೂಡಲೇ ಹೌಹಾರಬೇಡಿ. ಮಿತಿಯೊಳಗೆ ಇರೋವರೆಗೆ ಅದು ಬಸ್ ಓಡಿಸಲ್ಲ, ಚಿತ್ರ ಹರಿಯದ ಹಾಗೆ ಕಾವಲು ಕಾಯುತ್ತೆ.

ಗಡಿ ಮೇಲಿನ ಮನೆಗೆ ಏನು ಮಾಡೋದು? ಮೂರು ದಾರಿ ಹೇಳಿದೆ. ಒಂದು, ನೆರಳಿನ ಗುಣಮಟ್ಟ ಇಳಿಸಿ ಎಫ್‌ಪಿಎಸ್ ಯಾವಾಗಲೂ 55ರ ಮೇಲೇ ಇರೋ ಹಾಗೆ ಮಾಡು. ಇಲ್ಲದಿದ್ರೆ ಆ ಒಂದು ಆಟಕ್ಕೆ ಮಾತ್ರ ವಿಆರ್‌ಆರ್ ಬಿಟ್ಟುಬಿಡು. ಮೂರನೇದು ಅವನಿಗೆ ನಂಬೋಕೇ ಆಗಲಿಲ್ಲ: ಎಫ್‌ಪಿಎಸ್‌ಗೆ 40ರ ಮಿತಿ ಹಾಕು. ಕಡಿಮೆ ಮಾಡಿದ್ರೆ ಹೇಗೆ ಸರಿ ಹೋಗುತ್ತೆ ಅಂದ. 40 ಆದ್ರೆ ಯಾವಾಗಲೂ ಗಡಿಯ ಈ ಕಡೆಯೇ ಇರ್ತೀಯ, ಎಲ್‌ಎಫ್‌ಸಿ ಎದ್ದು ಕೂತೇ ಇರುತ್ತೆ, ಹಾರಾಟ ಇರಲ್ಲ. ಹಾಕಿದ. ಮೆನುವಿನಲ್ಲಿ ಸಂಖ್ಯೆ 80ಕ್ಕೆ ಬಂದು ಅಲ್ಲೇ ನಿಂತಿತು. ಗವಿ ತಣ್ಣಗಾಯಿತು.

ಸರ್ವಿಸ್‌ನವರಿಗೆ ತೋರಿಸೋಕೆ ಅಂತ ಅವನು ಮೊದಲೇ ಫೋನಿನಲ್ಲಿ ವಿಡಿಯೊ ತೆಗೆದಿದ್ದ, ಆದ್ರೆ ಅದರಲ್ಲಿ ಪಟ್ಟಿ ಪಟ್ಟಿ ಬಂದು ಯಾವುದು ಮಾನಿಟರಿನ ಮಿನುಗು, ಯಾವುದು ರೂಮಿನ ಲೈಟಿನದ್ದು ಅಂತಲೇ ಗೊತ್ತಾಗ್ತಿರಲಿಲ್ಲ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಏರಿಳಿಯುತ್ತೆ, ಕ್ಯಾಮೆರಾ ಅದನ್ನೂ ಹಿಡಿಯುತ್ತೆ. ನೀವೂ ದೂರು ಕೊಡೋದಾದ್ರೆ ರೂಮಿನ ಲೈಟ್ ಆರಿಸಿ, ಮಾನಿಟರಿನ ಹರ್ಟ್ಸ್ ಸಂಖ್ಯೆ ಚೌಕಟ್ಟಿನೊಳಗೆ ಬರೋ ಹಾಗೆ ತೆಗೀರಿ. ಆ ಸಂಖ್ಯೆಯೇ ಸಾಕ್ಷಿ.

ಮತ್ತೆ, ಕೊಳ್ಳೋಕೆ ಮೊದಲೇ ತಿಳಿಯೋ ದಾರಿ? ಸ್ವಲ್ಪ ಇದೆ. 2022ರ ಮೇ ತಿಂಗಳಲ್ಲಿ ವೆಸಾ ಒಂದು ಪರೀಕ್ಷೆ ತಂದಿತು, ಪಾಸಾದ ಮಾನಿಟರ್‌ಗೆ ಅಡಾಪ್ಟಿವ್‌ಸಿಂಕ್ ಡಿಸ್‌ಪ್ಲೇ ಅನ್ನೋ ಗುರುತು. ಮಿನುಗು, ಫ್ರೇಮ್ ಬಿಟ್ಟುಹೋಗೋದು ಎಲ್ಲವನ್ನೂ ಅಳೀತಾರೆ, ಕಾರ್ಖಾನೆಯಿಂದ ಬಂದ ಸೆಟ್ಟಿಂಗ್‌ನಲ್ಲೇ. ಆದ್ರೆ ಅದು ಕೇಳೋ ವ್ಯಾಪ್ತಿ 60ರಿಂದ 144. ತಮ್ಮನ ತೊಂದರೆ ಇದ್ದದ್ದು 48ರ ಹತ್ತಿರ. 2022ರ ಏಪ್ರಿಲ್‌ನಲ್ಲಿ ಪ್ಲೇಸ್ಟೇಷನ್ 5ಕ್ಕೆ ಬಂದ ವಿಆರ್‌ಆರ್‌ನ ತಳವೂ 48ರಲ್ಲೇ ಇದೆ. 2024ರ ಆಗಸ್ಟ್‌ನಲ್ಲಿ ಎನ್‌ವಿಡಿಯಾ ತನ್ನ ಜಿ-ಸಿಂಕ್ ಬೋರ್ಡಿನ ಕೆಲಸವನ್ನು ಮೀಡಿಯಾಟೆಕ್ ಚಿಪ್‌ನೊಳಗೇ ಸೇರಿಸ್ತೀವಿ ಅಂತ ಘೋಷಿಸಿತು, ಪ್ರತ್ಯೇಕ ಬೋರ್ಡ್ ಬೇಡ ಅಂತ. ಅಂಗಡಿಯಲ್ಲಿ ನಿಂತಾಗ ನಾನು ಈಗ ಎರಡು ಪ್ರಶ್ನೆ ಕೇಳ್ತೀನಿ: ವಿಆರ್‌ಆರ್‌ನ ಕನಿಷ್ಠ ಎಷ್ಟು, ಮತ್ತೆ ನನ್ನ ಕಾರ್ಡು ನನ್ನ ಆಟದಲ್ಲಿ ಎಷ್ಟು ಕೊಡುತ್ತೆ. ಮೊದಲನೆಯದಕ್ಕೆ ಅಂಗಡಿಯವರು ಸಾಮಾನ್ಯವಾಗಿ ಡಬ್ಬದ ಮೇಲಿರೋ ಗರಿಷ್ಠವನ್ನೇ ಓದಿ ಹೇಳ್ತಾರೆ.

ಏಳನೇ ದಿನ ಬೆಳಗ್ಗೆ ತಮ್ಮ ಮೆಸೇಜ್ ಮಾಡಿದ. ವಾಪಸ್ ಮಾಡಲ್ಲ ಅಂತ. ನೆರಳು ಇಳಿಸಿ 58ರ ಆಸುಪಾಸು ಇಟ್ಟುಕೊಂಡಿದ್ದಾನೆ, 40ರ ಮಿತಿ ಅವನಿಗೆ ನಿಧಾನ ಅನ್ನಿಸಿತಂತೆ. ಕೆಳಗೆ ಇನ್ನೊಂದು ಸಾಲು ಬರೆದಿದ್ದ: "ಲೋಡಿಂಗ್ ಬಂದಾಗ ಮಾತ್ರ ಒಂದ್ಸಲ ಕಣ್ಣು ಹೊಡೆಯುತ್ತೆ ಅಣ್ಣಾ. ಹೊಡೀಲಿ ಬಿಡು."